ಕೇಳಿಸದ ಜಗಳ

ಮೂಕಿ ಕಾಲದ ಹಾಸ್ಯ ಅಂದ ಕೂಡಲೇ ಎಲ್ಲರ ಕಣ್ಣಿಗೆ ಕಟ್ಟುವುದು ಬೀದಿ. ಸಾಲುಗಟ್ಟಿ ಓಡುವ ಪೊಲೀಸರು, ಗಡಿಯಾರದ ಮುಳ್ಳಿಗೆ ಜೋತುಬಿದ್ದ ಹೆರಾಲ್ಡ್ ಲಾಯ್ಡ್, ಬೆತ್ತ ತಿರುಗಿಸುತ್ತ ನಡೆದುಹೋಗುವ ಚಾಪ್ಲಿನ್. ಅವೆಲ್ಲ ಒಂಟಿ ಗಂಡಸಿನ ಪಾಡು. ಅದೇ ವರ್ಷಗಳಲ್ಲಿ ಅಮೆರಿಕದ ಸ್ಟುಡಿಯೋಗಳಲ್ಲಿ ಮನೆಯೊಳಗಿನ ಹಾಸ್ಯವೂ ರೀಲುಗಟ್ಟಲೆ ತಯಾರಾಗುತ್ತಿತ್ತು: ಒಬ್ಬ ಗಂಡ, ಒಬ್ಬ ಹೆಂಡತಿ, ಊಟದ ಮೇಜು, ನಡುವೆ ಒಂದು ಸುಳ್ಳು. ಬಯೋಗ್ರಾಫ್ ಕಂಪನಿಗಾಗಿ ಡಿ. ಡಬ್ಲ್ಯು. ಗ್ರಿಫಿತ್ 1908ರಲ್ಲೇ ಜಾನ್ ಕಂಪ್ಸನ್, ಫ್ಲಾರೆನ್ಸ್ ಲಾರೆನ್ಸ್ ಇಬ್ಬರನ್ನೂ ಜೋನ್ಸ್ ದಂಪತಿ ಮಾಡಿ ಒಂದರ ಹಿಂದೊಂದು ಕಿರುಚಿತ್ರ ತೆಗೆಯತೊಡಗಿದರು. ನಟರ ಹೆಸರನ್ನು ಪರದೆಯ ಮೇಲೆ ಹಾಕದ ಕಾಲ ಅದು. ಪ್ರೇಕ್ಷಕರ ಪಾಲಿಗೆ ಅವರು ಬರೀ ಜೋನ್ಸ್ ಮತ್ತು ಅವನ ಹೆಂಡತಿ. ಇಂಥ ಚಿತ್ರಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಹಳೆಯ ಕಾಲ, ಹಳೆಯ ಮನೆ, ಹಳೆಯ ಮುಗ್ಧತೆ. ಈ ಕಾರಣ ನನಗೆ ಒಪ್ಪಿಗೆಯಾಗುವುದಿಲ್ಲ. ಮುಗ್ಧತೆಯನ್ನು ಇವುಗಳಲ್ಲಿ ದೀಪ ಹಚ್ಚಿ ಹುಡುಕಿದರೂ ಸಿಗದು. ಸಂಸಾರದ ಹಾಸ್ಯ ಜಗಳದಿಂದ ಹುಟ್ಟುತ್ತದೆ ಎಂದು ನಾವು ಸುಲಭವಾಗಿ ನಂಬುತ್ತೇವೆ. ನನ್ನ ಪ್ರಕಾರ ಅದು ಹುಟ್ಟುವುದು ಗುಟ್ಟಿನಿಂದ. ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ, ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಯಾರು ಕೂತಿದ್ದಾರೆ ಎಂಬ ಲೆಕ್ಕದಿಂದ. ಆ ಲೆಕ್ಕ ತೋರಿಸಲು ಮಾತು ಬೇಕಿಲ್ಲ. ಮಾತು ಬಂದರೆ ಲೆಕ್ಕ ಕೆಡುವುದೇ ಹೆಚ್ಚು. ದಾಂಪತ್ಯದ ವಸ್ತು ಮೂಕಿ ಚಿತ್ರಕ್ಕೆ ಅಷ್ಟು ಚೆನ್ನಾಗಿ ಒಗ್ಗಿದ್ದು ಅದಕ್ಕೇ.

ಮೊದಲ ಸಾಕ್ಷಿ 1912ರದು. ವೈಟಾಗ್ರಾಫ್ ಕಂಪನಿಯ 'ಎ ಕ್ಯೂರ್ ಫಾರ್ ಪೋಕರೈಟಿಸ್', ಲಾರೆನ್ಸ್ ಟ್ರಿಂಬಲ್ ನಿರ್ದೇಶಿಸಿದ ಒಂದೇ ರೀಲಿನ ಚಿತ್ರ. ಗಂಡನಾಗಿ ಡೊಳ್ಳುಹೊಟ್ಟೆಯ ಜಾನ್ ಬನ್ನಿ, ಹೆಂಡತಿಯಾಗಿ ಕಡ್ಡಿಮೈಯ ಫ್ಲೋರಾ ಫಿಂಚ್. ಇನ್ನು ಪೋಕರ್ ಮುಟ್ಟುವುದಿಲ್ಲ ಎಂದು ಗಂಡ ಆಣೆ ಇಡುತ್ತಾನೆ. ಆಮೇಲೆ 'ಮಾರ್ಫಿಯಸ್ಸನ ಮಕ್ಕಳು' ಎಂಬ ಸಂಘದ ಸಭೆ ವಾರ ವಾರ ಇದೆ ಎಂದು ನೆಪ ಹೂಡಿ ಇಸ್ಪೀಟಿನ ಕೋಣೆ ಸೇರುತ್ತಾನೆ. ಮಾರ್ಫಿಯಸ್ ಗ್ರೀಕರ ಕನಸಿನ ದೇವತೆ. ಗುಟ್ಟು ರಟ್ಟಾಗುವುದೂ ನಿದ್ದೆಯಲ್ಲೇ, ಗಂಡ ಕನವರಿಸಿದಾಗ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವುದು ನಮ್ಮ ಗಾದೆ. ಈ ಮನೆಯಲ್ಲಿ ಜಗಳದ ಬೀಜ ಬೀಳುವುದೇ ಮಲಗಿದ ಮೇಲೆ. ಅವನು ಏನು ಬಡಬಡಿಸಿದ ಎಂಬುದು ನಮಗೆ ಕೇಳಿಸುವುದಿಲ್ಲ, ಕೇಳಿಸಿಕೊಂಡ ಹೆಂಡತಿಯ ಮುಖ ಕಾಣಿಸುತ್ತದೆ, ಅಷ್ಟು ಸಾಕು. ಅವಳ ಕಡೆಯ ಒಬ್ಬ ನೆಂಟ ಹುಡುಗ ತನ್ನ ಬೈಬಲ್ ತರಗತಿಯ ಸಾಧು ಸಂಗಡಿಗರಿಗೆ ಪೊಲೀಸ್ ವೇಷ ತೊಡಿಸಿ ಇಸ್ಪೀಟಿನ ಕೋಣೆಗೆ ನುಗ್ಗುತ್ತಾನೆ. ಹೆದರಿ ಬೆವರಿದ ಗಂಡಂದಿರನ್ನು ಬಿಡಿಸಿಕೊಳ್ಳಲು ಹೆಂಡತಿಯರು ಅಲ್ಲಿಗೆ ಬರುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಗಂಡನ ಸುಳ್ಳಿಗೆ ಉತ್ತರವಾಗಿ ಹೆಂಡತಿ ಇನ್ನೂ ದೊಡ್ಡ ಸುಳ್ಳೊಂದನ್ನು ಕಟ್ಟಿ ನಿಲ್ಲಿಸಿದಳು. ಒಂದೇ ಒಂದು ವಾಗ್ವಾದ ಬೇಕಾಗಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ಈ ಚಿತ್ರವನ್ನು ರಾಷ್ಟ್ರೀಯ ಚಿತ್ರಪಟ್ಟಿಗೆ ಸೇರಿಸಿತು. 1915ರಲ್ಲಿ ತೀರಿಕೊಂಡ ಬನ್ನಿಯ ಹೆಸರನ್ನು ಪ್ರೇಕ್ಷಕರು ಅದಕ್ಕೆ ಎಷ್ಟೋ ಮೊದಲೇ ಮರೆತಿದ್ದರು.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಮರುವರ್ಷದ್ದು. ಪ್ಯಾರಿಸ್ಸಿನ ಗೋಮೋಂ ಕಂಪನಿಯಲ್ಲಿ ಕಸುಬು ಕಲಿತು ಅಮೆರಿಕಕ್ಕೆ ಬಂದ ಆಲಿಸ್ ಗೀ, ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿದ್ದ ತಮ್ಮ ಸೋಲಾಕ್ಸ್ ಸ್ಟುಡಿಯೋದಲ್ಲಿ 1913ರಲ್ಲಿ 'ಎ ಹೌಸ್ ಡಿವೈಡೆಡ್' ತೆಗೆದರು. ಸಹಜವಾಗಿರಿ ಎಂದು ನಟರಿಗೆ ನೆನಪಿಸುವ ಫಲಕವೊಂದನ್ನು ಆ ಸ್ಟುಡಿಯೋದಲ್ಲಿ ತೂಗುಹಾಕಿದ್ದರು. ಕಥೆ ಇಷ್ಟೇ: ಅರ್ಥವಿಲ್ಲದ ಸಣ್ಣ ಕುರುಹುಗಳನ್ನು ನಂಬಿ ಗಂಡನಿಗೆ ಹೆಂಡತಿಯ ಮೇಲೆ, ಹೆಂಡತಿಗೆ ಗಂಡನ ಮೇಲೆ ಸಂಶಯ ಹುಟ್ಟುತ್ತದೆ. ವಕೀಲ ಬಂದು ಕರಾರು ಬರೆಯುತ್ತಾನೆ. ಇಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆಯಾಗಿ ಬಾಳಬೇಕು, ಪರಸ್ಪರ ಮಾತಾಡಕೂಡದು, ಹೇಳುವುದಿದ್ದರೆ ಚೀಟಿಯಲ್ಲಿ ಬರೆದು ತಿಳಿಸಬೇಕು. ಮಾತು ಬಾರದ ಚಿತ್ರದೊಳಗೆ ಮಾತು ಬಿಟ್ಟ ದಂಪತಿ! ಅವರು ಬರೆದ ಚೀಟಿ ಪರದೆ ತುಂಬ ಬಂದಾಗ ನಾವು ಓದುತ್ತೇವೆ, ಬೇರೆ ಚಿತ್ರಗಳಲ್ಲಿ ಸಂಭಾಷಣೆಯ ಫಲಕ ಓದಿದ ಹಾಗೆಯೇ. ಅಂದರೆ ಪ್ರೇಕ್ಷಕ ಯಾವ ಸ್ಥಿತಿಯಲ್ಲಿ ಕೂತಿದ್ದಾನೋ ಅದೇ ಸ್ಥಿತಿಗೆ ಗಂಡ ಹೆಂಡತಿಯನ್ನೂ ಗೀ ತಂದು ನಿಲ್ಲಿಸಿದರು. ಒಂದೇ ವ್ಯತ್ಯಾಸ, ಇಬ್ಬರೂ ತಪ್ಪು ಮಾಡಿಲ್ಲ ಎಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಒಬ್ಬರು ಬಾಯಿಬಿಟ್ಟು ಕೇಳಿದ್ದರೆ ಕಥೆ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಇದೇ ಕಥೆಯನ್ನು ಮಾತಿನ ಚಿತ್ರವಾಗಿ ತೆಗೆದರೆ 'ಇವರು ಯಾಕೆ ಕೇಳುತ್ತಿಲ್ಲ' ಎಂಬ ಪ್ರಶ್ನೆ ಪ್ರೇಕ್ಷಕನನ್ನು ಕಾಡುತ್ತಲೇ ಇರುತ್ತದೆ. ಮೂಕಿಯಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ, ಅಲ್ಲಿ ಯಾರೂ ಏನನ್ನೂ ಕೇಳಲಾರರು.

ಈ ವಿದ್ಯೆಯ ತುದಿ ಮುಟ್ಟಿದವರು ಅರ್ನ್ಸ್ಟ್ ಲುಬಿಚ್. ಜರ್ಮನಿಯಿಂದ ಹಾಲಿವುಡ್ಡಿಗೆ ಬಂದ ಹೊಸತರಲ್ಲಿ, 1924ರಲ್ಲಿ, ವಾರ್ನರ್ ಬ್ರದರ್ಸ್‌ಗಾಗಿ ಅವರು ತೆಗೆದ 'ದ ಮ್ಯಾರೇಜ್ ಸರ್ಕಲ್' ವಿಯೆನ್ನಾದಲ್ಲಿ ನಡೆಯುತ್ತದೆ. ಮೊದಲ ದೃಶ್ಯದಲ್ಲಿ ಪ್ರೊಫೆಸರ್ ಸ್ಟಾಕ್ ಬೆಳಿಗ್ಗೆ ಎದ್ದು ಕಾಲುಚೀಲ ಹಾಕಿಕೊಳ್ಳುತ್ತಾನೆ, ಚೀಲ ತೂತು. ಡ್ರಾಯರ್ ಎಳೆದು ನೋಡಿದರೆ ಅವನದು ಹೆಚ್ಚುಕಡಿಮೆ ಖಾಲಿ. ಹೆಂಡತಿ ಮಿಟ್ಸಿಯ ಡ್ರಾಯರಿನಲ್ಲಿ ಜಾಗವಿಲ್ಲದಷ್ಟು ತುಂಬಿದೆ. ಸ್ಟಾಕ್ ಪಾತ್ರದ ಅಡಾಲ್ಫ್ ಮೆಂಜು ಹುಬ್ಬು ಕೂಡ ಏರಿಸುವುದಿಲ್ಲ. ಈ ಮದುವೆ ಎಷ್ಟು ವರ್ಷದ್ದು, ಪ್ರೀತಿ ಯಾವಾಗ ಬತ್ತಿತು, ಯಾರ ತಪ್ಪು ಎಂದು ಒಂದು ಫಲಕವೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಇದಕ್ಕೆ ಎದುರಾಗಿ ಡಾಕ್ಟರ್ ಫ್ರಾಂಜ್ ಮತ್ತು ಶಾರ್ಲಟ್ ದಂಪತಿಯ ಬೆಳಗಿನ ತಿಂಡಿ. ಕ್ಯಾಮೆರಾ ಅವರ ಮುಖ ತೋರಿಸುವುದಿಲ್ಲ. ಮೇಜಿನ ಮೇಲಿನ ಬೇಯಿಸಿದ ಮೊಟ್ಟೆ, ಕಾಫಿ ಬಟ್ಟಲು, ಎರಡು ಕೈ ಇಷ್ಟನ್ನೇ ತೋರಿಸುತ್ತದೆ. ಒಂದು ಕೈ ಚಮಚದಿಂದ ಮೊಟ್ಟೆಯ ತಲೆ ಒಡೆಯುತ್ತದೆ, ಇನ್ನೊಂದು ಕೈ ಕಾಫಿ ಕದಡುತ್ತದೆ. ಆಮೇಲೆ ಎರಡೂ ಕೈ ಚೌಕಟ್ಟಿನಿಂದ ಮಾಯ. ಮೊಟ್ಟೆ ಆರುತ್ತಿದೆ, ಕಾಫಿಯೂ ಆರುತ್ತಿದೆ. ಕೈಗಳು ಎಲ್ಲಿ ಹೋದವು ಎಂಬುದನ್ನು ನೋಡುವವರೇ ಊಹಿಸಿಕೊಳ್ಳಬೇಕು. ಎರಡು ಸಂಸಾರಗಳ ಸ್ಥಿತಿಗತಿಯನ್ನು ಒಂದು ಕಾಲುಚೀಲ, ಒಂದು ಮೊಟ್ಟೆಯಲ್ಲಿ ಹೇಳಿ ಮುಗಿಸಿದ್ದಾರೆ.

ಅದೇ ಚಿತ್ರದ ಔತಣದ ದೃಶ್ಯ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. ತನ್ನ ಬೆನ್ನು ಬಿದ್ದಿರುವ ಮಿಟ್ಸಿಯ ಪಕ್ಕ ತನ್ನ ಹೆಸರಿನ ಚೀಟಿ ಇರುವುದನ್ನು ಕಂಡು ಫ್ರಾಂಜ್ ಮೆಲ್ಲಗೆ ಚೀಟಿ ಬದಲಿಸಿ ಬೇರೊಬ್ಬಳ ಪಕ್ಕಕ್ಕೆ ಸರಿಯುತ್ತಾನೆ. ಶಾರ್ಲಟ್ ಅದನ್ನು ನೋಡುತ್ತಾಳೆ. ಗಂಡನ ಕಣ್ಣು ಆ ಇನ್ನೊಬ್ಬಳ ಮೇಲಿದೆ ಎಂದು ಎಣಿಸಿ ಚೀಟಿಗಳನ್ನು ಮೊದಲಿನ ಹಾಗೆಯೇ ಇಡುತ್ತಾಳೆ. ಸಾಲದ್ದಕ್ಕೆ ಗಂಡನ ಮೇಲೆ ಒಂದು ಕಣ್ಣಿಡು ಎಂದು ಗೆಳತಿ ಮಿಟ್ಸಿಯನ್ನೇ ಬೇಡಿಕೊಳ್ಳುತ್ತಾಳೆ. ಗಂಡ ನಿಷ್ಠೆಯಿಂದ ಮಾಡಿದ ಕೆಲಸ ಕಳ್ಳತನವಾಗಿ ಕಂಡಿತು, ಹೆಂಡತಿ ಕಾವಲೆಂದು ಮಾಡಿದ ಕೆಲಸ ಕಳ್ಳಿಗೆ ಬಾಗಿಲು ತೆರೆಯಿತು. ಇದೆಲ್ಲ ನಡೆದದ್ದು ಕಾಗದದ ಎರಡು ತುಂಡುಗಳ ಮೇಲೆ. ಈ ವಾದವನ್ನು ಒರೆಗೆ ಹಚ್ಚಲು ಲುಬಿಚ್ಚರೇ ಅನುಕೂಲ ಮಾಡಿಕೊಟ್ಟಿದ್ದಾರೆ. 1932ರಲ್ಲಿ ಪ್ಯಾರಾಮೌಂಟಿಗಾಗಿ ಇದೇ ಕಥೆಯನ್ನು ಅವರು 'ಒನ್ ಅವರ್ ವಿತ್ ಯೂ' ಎಂಬ ಹಾಡಿನ ಚಿತ್ರವಾಗಿ ಮತ್ತೆ ತೆಗೆದರು. ಊರು ಪ್ಯಾರಿಸ್ಸಾಯಿತು, ಗಂಡ ಮೋರಿಸ್ ಶೆವಾಲಿಯೇ, ಹೆಂಡತಿ ಜೆನೆಟ್ ಮ್ಯಾಕ್‌ಡೊನಾಲ್ಡ್. ಚೀಟಿ ಬದಲಿಸುವ ದೃಶ್ಯವೂ ಉಳಿಯಿತು. ಆದರೆ ಈ ಸಲ ಶೆವಾಲಿಯೇ ಹೆಜ್ಜೆ ಹೆಜ್ಜೆಗೂ ಕ್ಯಾಮೆರಾದತ್ತ ತಿರುಗಿ ತನ್ನ ಇಕ್ಕಟ್ಟನ್ನು ನಮಗೆ ವಿವರಿಸುತ್ತಾನೆ, ನೀವಾದರೆ ಏನು ಮಾಡುತ್ತಿದ್ದಿರಿ ಎಂದು ಹಾಡಿನಲ್ಲೇ ವಿಚಾರಿಸುತ್ತಾನೆ. ನಟನಾಗಿ ಶೆವಾಲಿಯೇ ಮುಂದೆ ಮೂಕಿಯಲ್ಲಿ ಫ್ರಾಂಜ್ ಆಗಿದ್ದ ಮಾಂಟಿ ಬ್ಲೂ ಬರೀ ಗೋಡೆ, ಒಪ್ಪುತ್ತೇನೆ. ಆದರೂ 1924ರಲ್ಲಿ ನಾವೇ ಕಂಡುಹಿಡಿದ ಗುಟ್ಟನ್ನು 1932ರಲ್ಲಿ ಗಂಡ ಬಂದು ನಮ್ಮ ಕೈಗೆ ಕೊಡುತ್ತಾನೆ. ಕಂಡುಹಿಡಿದವನ ನಗುವೇ ಬೇರೆ, ಕೇಳಿಸಿಕೊಂಡವನ ನಗುವೇ ಬೇರೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಸಣ್ಣದೇನಲ್ಲ. ಮೂಕಿ ಚಿತ್ರ ನಿಜವಾಗಿ ಮೂಕವಾಗಿರಲಿಲ್ಲ, ಬರಹದ ಫಲಕಗಳಿದ್ದವು. ದಾಂಪತ್ಯದ ಹಾಸ್ಯದಲ್ಲಿ ಹೆಸರು ಮಾಡಿದ ಸಿಡ್ನಿ ಡ್ರೂ ದಂಪತಿಯ ಚಿತ್ರಗಳಂತೂ ಫಲಕಗಳ ಚುರುಕಿನ ಮೇಲೇ ನಿಂತಿದ್ದವು ಎನ್ನಬಹುದು. ನಿಜ. ಸಿಡ್ನಿ ಡ್ರೂ ರಂಗಭೂಮಿಯ ಮನೆತನದವರು, ಜಾನ್, ಲಯೊನೆಲ್, ಎಥೆಲ್ ಬ್ಯಾರಿಮೋರ್ ಇವರ ಸೋದರಮಾವ. ಐವತ್ತು ದಾಟಿದ ಮೇಲೆ, ತಮಗಿಂತ ಬಹಳ ಕಿರಿಯರಾದ ಲೂಸಿಲ್ ಮೆಕ್‌ವೇ ಅವರನ್ನು ಎರಡನೆಯ ಮದುವೆಯಾಗಿ, ಇಬ್ಬರೂ ವೈಟಾಗ್ರಾಫ್‌ನಲ್ಲೂ ಆಮೇಲೆ ಮೆಟ್ರೋದಲ್ಲೂ ಗಂಡ ಹೆಂಡತಿಯಾಗಿಯೇ ನಟಿಸಿದರು. ಕಥೆ ಕಟ್ಟುವ ಕೆಲಸದಲ್ಲಿ ಆಕೆಯ ಪಾಲು ದೊಡ್ಡದು. 1915ರ 'ಫಾಕ್ಸ್ ಟ್ರಾಟ್ ಫಿನೆಸ್' ನೋಡಿ. ಹೆಂಡತಿಗೆ ನೃತ್ಯದ ಹುಚ್ಚು. ಸಾಕಾಗಿ ಗಂಡ ಕಾಲು ಉಳುಕಿದೆ ಎಂದು ನಟಿಸುತ್ತಾನೆ. ಹೆಂಡತಿಗೆ ನಿಜ ತಿಳಿಯುತ್ತದೆ. ಅವಳು ರಂಪ ಮಾಡುವುದಿಲ್ಲ. ಕಾಲು ವಾಸಿಯಾಗುವ ತನಕ ತಾನೇ ಬಂದು ಇರುತ್ತೇನೆ ಎಂದು ತನ್ನ ತಾಯಿ ಬರೆದ ಹಾಗೆ ಒಂದು ಕಾಗದ ತಾನೇ ಬರೆದು ಗಂಡನ ಕಣ್ಣಿಗೆ ಬೀಳುವಂತೆ ಮಾಡುತ್ತಾಳೆ. ಕಾಲು ನೆಟ್ಟಗಾಗುತ್ತದೆ. ಇದರಲ್ಲಿ ಬರಹವಿದೆ, ಬೇಕಾದಷ್ಟಿದೆ. ಆದರೆ ಕಥೆ ತಿರುಗುವ ಬರಹ ಕೂಡ ಒಂದು ಸುಳ್ಳು ಕಾಗದ. ಫಲಕದಲ್ಲಿ ಏನೇ ಬರೆದಿರಲಿ ಅದು ಓದುಗನಾದ ನಮಗೆ, ಎದುರು ಕೂತ ಹೆಂಡತಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಡ್ರೂ ಮುಖದ ಮೇಲಿನ ಆ ಸಜ್ಜನ ಗಾಂಭೀರ್ಯ, ಸಿಕ್ಕಿಬಿದ್ದಾಗಲೂ ಕದಲದ ಆ ಕಣ್ಣು, ಫಲಕವನ್ನು ನಂಬಬೇಡಿ ಎಂದು ಹೇಳುತ್ತಲೇ ಇರುತ್ತವೆ. ಮಗ ಮೊದಲ ಮಹಾಯುದ್ಧದಲ್ಲಿ 1918ರಲ್ಲಿ ಮಡಿದ ಮೇಲೆ ಡ್ರೂ ಹೆಚ್ಚು ದಿನ ಬಾಳಲಿಲ್ಲ, 1919ರಲ್ಲಿ ತೀರಿಕೊಂಡರು. ಲೂಸಿಲ್ ಒಂದಷ್ಟು ಕಾಲ ಕೆಲಸ ಮುಂದುವರಿಸಿ 1925ರಲ್ಲಿ ಹೋದರು.

ಎರಡನೆಯ ಆಕ್ಷೇಪ ಇನ್ನೂ ಕಟುವಾದದ್ದು: ಇವೆಲ್ಲ ಹೆಂಡತಿಯನ್ನು ಬಜಾರಿ ಮಾಡಿ, ಅತ್ತೆಯನ್ನು ರಾಕ್ಷಸಿ ಮಾಡಿ ಗಂಡಸರು ನಕ್ಕ ನಗು ಎಂಬುದು. ಅರ್ಧದಷ್ಟು ಚಿತ್ರಗಳ ಮಟ್ಟಿಗೆ ಇದನ್ನು ಒಪ್ಪದೆ ವಿಧಿಯಿಲ್ಲ. ಲಾಯ್ಡ್‌ರ 1924ರ 'ಹಾಟ್ ವಾಟರ್' ಚಿತ್ರವನ್ನೇ ತೆಗೆದುಕೊಳ್ಳಿ. ಲಾಟರಿಯಲ್ಲಿ ಗೆದ್ದ ಜೀವಂತ ಟರ್ಕಿ ಕೋಳಿಯನ್ನೂ ಹೆಂಡತಿ ತರಹೇಳಿದ ಸಾಮಾನುಗಳನ್ನೂ ಹೊತ್ತು ಕಿಕ್ಕಿರಿದ ಟ್ರಾಮಿನಲ್ಲಿ ಗಂಡ ಪಡುವ ಪಾಡು ಅಪ್ಪಟ ಚಿನ್ನ. ಅತ್ತೆ ಕಾಣಿಸಿಕೊಂಡ ಮೇಲೆ ಚಿತ್ರ ಇಳಿಜಾರು ಹಿಡಿಯುತ್ತದೆ, ಏಕೆಂದರೆ ಜೋಸೆಫೀನ್ ಕ್ರೋವೆಲ್ ಮಾಡಿದ ಆ ಅತ್ತೆಗೆ ಗುಟ್ಟೇ ಇಲ್ಲ, ಬರೀ ಗುಡುಗು. ಅಂದರೆ ಕೆಟ್ಟ ಚಿತ್ರಗಳು ಕೆಡುವುದೂ ನಾನು ಹೇಳಿದ ಕಾರಣಕ್ಕೇ. ಹೆಂಗಸಿಗೆ ತಿಳಿವಳಿಕೆಯಲ್ಲಿ ಪಾಲು ಕೊಡದೆ ಬರೀ ಅರಚುವ ಬಾಯಿ ಕೊಟ್ಟರೆ ಮೂಕಿಯಲ್ಲಿ ಅವಳಿಗೆ ಮಾಡಲು ಕೆಲಸವೇ ಇರುವುದಿಲ್ಲ. ಒಳ್ಳೆಯ ಚಿತ್ರಗಳಲ್ಲಿ ಗಂಡನಿಗಿಂತ ಹೆಂಡತಿಗೆ ಒಂದು ತೂಕ ಹೆಚ್ಚು ತಿಳಿದಿರುತ್ತದೆ. ಪೋಕರಿನ ಮನೆಯಲ್ಲೂ, ಫಾಕ್ಸ್ ಟ್ರಾಟ್ ಮನೆಯಲ್ಲೂ ಗೆದ್ದವಳು ಅವಳೇ.

ಇನ್ನು ನಂಬಿಕೆಯ ಪ್ರಶ್ನೆ. ಹಾಲ್ ರೋಚ್ ಸ್ಟುಡಿಯೋಗಾಗಿ ಲಿಯೋ ಮೆಕ್ಯಾರಿ ನಿರ್ದೇಶಿಸಿದ 'ಮೈಟಿ ಲೈಕ್ ಎ ಮೂಸ್' 1926ರದು. ಚಾರ್ಲಿ ಚೇಸ್ ಉಬ್ಬುಹಲ್ಲಿನ ಗಂಡ, ವಿವಿಯನ್ ಓಕ್‌ಲ್ಯಾಂಡ್ ದೊಡ್ಡ ಮೂಗಿನ ಹೆಂಡತಿ. ಒಬ್ಬರಿಗೊಬ್ಬರು ತಿಳಿಸದೆ ಅವನು ಹಲ್ಲು, ಅವಳು ಮೂಗು ಸರಿಮಾಡಿಸಿಕೊಳ್ಳುತ್ತಾರೆ. ಆಮೇಲೆ ಎದುರು ಬದುರಾದಾಗ ಗುರುತು ಹಿಡಿಯದೆ ಪರಪುರುಷ ಪರಸ್ತ್ರೀ ಎಂದು ಭಾವಿಸಿ ಸರಸಕ್ಕಿಳಿಯುತ್ತಾರೆ. ಇದು ಸಾಧ್ಯವೇ ಎಂದು ಕೇಳುವವರಿಗೆ ಪ್ರತಿಪ್ರಶ್ನೆ: ಅಷ್ಟು ವರ್ಷ ಒಟ್ಟಿಗಿದ್ದವರು ಪರಸ್ಪರರಲ್ಲಿ ನೋಡುತ್ತಿದ್ದದ್ದು ಹಲ್ಲು ಮತ್ತು ಮೂಗನ್ನು ಮಾತ್ರವೇ? ದನಿ ಇದ್ದಿದ್ದರೆ ಈ ಕಥೆ ಮೊದಲ ಸಾಲಿಗೇ ಬಿದ್ದುಹೋಗುತ್ತಿತ್ತು. ಗುರುತು ಸಿಕ್ಕ ಮೇಲೆ ಚೇಸ್ ಹೆಂಡತಿಯನ್ನು ಆಟವಾಡಿಸಲು ಸುಳ್ಳು ಹಲ್ಲು ಹಾಕಿ ತೆಗೆದು, ಬಾಗಿಲಾಚೆ ಈಚೆ ಓಡಾಡಿ, ಗಂಡನೂ ತಾನೇ ಪ್ರಿಯಕರನೂ ತಾನೇ ಆಗಿ ತನ್ನೊಡನೆ ತಾನೇ ಹೊಡೆದಾಡುತ್ತಾನೆ. ಇಷ್ಟು ಕರಾರುವಾಕ್ಕಾದ ಹುಚ್ಚಾಟ ನಾನು ಬೇರೆಲ್ಲೂ ಕಂಡಿಲ್ಲ.

ಗುಟ್ಟೇ ಇಲ್ಲದ ಸಂಸಾರದ ಹಾಸ್ಯವೂ ಇದೆಯಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಬಸ್ಟರ್ ಕೀಟನ್ ಅಭಿಮಾನಿಗಳು ಕೇಳಬಹುದು. 1920ರ 'ಒನ್ ವೀಕ್' ಅಂಥದ್ದು. ಹೊಸ ಮದುಮಕ್ಕಳಿಗೆ ಪೆಟ್ಟಿಗೆಗಳಲ್ಲಿ ಬಂದ ಮನೆ ಉಡುಗೊರೆಯಾಗಿ ಸಿಗುತ್ತದೆ. ಅಂಚೆಯಲ್ಲಿ ತರಿಸಿ ನಾವೇ ಜೋಡಿಸಿಕೊಳ್ಳುವ ಇಂಥ ಮನೆಗಳನ್ನು ಆಗ ಸಿಯರ್ಸ್ ಕಂಪನಿ ನಿಜವಾಗಿಯೂ ಮಾರುತ್ತಿತ್ತು. ಅವಳಿಗಾಗಿ ಆಸೆಪಟ್ಟು ಸೋತವನು ಪೆಟ್ಟಿಗೆಗಳ ನಂಬರು ತಿದ್ದುತ್ತಾನೆ, ಮನೆ ಸೊಟ್ಟಂಬಟ್ಟ ಏಳುತ್ತದೆ. ಇಲ್ಲಿ ಕೀಟನ್, ಸಿಬಿಲ್ ಸೀಲಿ ಇಬ್ಬರ ನಡುವೆ ಏನೂ ಮುಚ್ಚುಮರೆಯಿಲ್ಲ. ಇಬ್ಬರೂ ಸಮವಾಗಿ ದುಡಿಯುತ್ತಾರೆ, ಇಬ್ಬರಿಗೂ ಸಮವಾಗಿ ಏನೂ ಅರ್ಥವಾಗುವುದಿಲ್ಲ. ಆದರೆ ಸ್ನಾನದ ದೃಶ್ಯ ನೆನಪು ಮಾಡಿಕೊಳ್ಳಿ. ತೊಟ್ಟಿಯಲ್ಲಿ ಕೂತವಳ ಕೈಯಿಂದ ಸೋಪು ಜಾರಿ ಹೊರಗೆ ಬೀಳುತ್ತದೆ. ಎದ್ದು ತೆಗೆದುಕೊಳ್ಳಬೇಕು. ಅವಳು ನಮ್ಮತ್ತ ನೋಡುತ್ತಾಳೆ. ಎಲ್ಲಿಂದಲೋ ಒಂದು ಕೈ ಬಂದು ಕ್ಯಾಮೆರಾದ ಕಣ್ಣು ಮುಚ್ಚುತ್ತದೆ; ತೆಗೆದಾಗ ಸೋಪು ಅವಳ ಕೈಯಲ್ಲಿದೆ, ಅವಳ ಮುಖದಲ್ಲಿ ನಗುವಿದೆ. ಗಂಡ ಹೆಂಡತಿಯ ನಡುವೆ ಗುಟ್ಟಿಲ್ಲದ ಮನೆಯಲ್ಲಿ ಗುಟ್ಟು ಇರುವುದು ನಮ್ಮಿಂದ. ಮೂರನೆಯವನಾಗಿ ಒಳಗೆ ಕೂತಿರುವ ಪ್ರೇಕ್ಷಕನನ್ನು ಕೀಟನ್ ಬಿಟ್ಟರೆ ಯಾರೂ ಅಷ್ಟು ನಯವಾಗಿ ಹೊರಗೆ ಕಳುಹಿಸಿರಲಿಲ್ಲ.

ನನ್ನ ವಾದಕ್ಕೆ ನಿಜವಾದ ಕಂಟಕ ಲಾರೆಲ್ ಮತ್ತು ಹಾರ್ಡಿ. 1928ರ 'ವಿ ಫಾ ಡೌನ್' ಚಿತ್ರದಲ್ಲಿ ಅವರು ಪೋಕರ್ ಆಡಲು ಹೊರಟು, ಹೆಂಡತಿಯರಿಗೆ ಆರ್ಫಿಯಮ್ ಥಿಯೇಟರಿಗೆ ಹೋಗುತ್ತೇವೆ ಎನ್ನುತ್ತಾರೆ; ಹದಿನಾರು ವರ್ಷ ಕಳೆದರೂ ಗಂಡಂದಿರ ಚಟ ಬದಲಾಗಿಲ್ಲ, ನೆಪ ಮಾತ್ರ ಬದಲಾಗಿದೆ. ಆ ಥಿಯೇಟರಿಗೆ ಬೆಂಕಿ ಬೀಳುತ್ತದೆ. ಕೊನೆಗೆ ಹೆಂಡತಿ ಬಂದೂಕು ಹಾರಿಸಿದಾಗ, ಓಣಿಯ ಎರಡೂ ಕಡೆ ಮನೆಗಳ ಕಿಟಕಿಗಳಿಂದ ಪ್ಯಾಂಟಿಲ್ಲದ ಗಂಡಸರು ಒಬ್ಬರ ಹಿಂದೊಬ್ಬರು ಧುಮುಕುತ್ತಾರೆ. ಇದರ ಎಳೆ ಹಿಡಿದು 1933ರಲ್ಲಿ ಮಾತಿನ ಚಿತ್ರವಾಗಿ ಬಂದದ್ದು 'ಸನ್ಸ್ ಆಫ್ ದ ಡೆಸರ್ಟ್'. ಎರಡರಲ್ಲಿ ಯಾವುದು ಮೇಲು ಎಂದರೆ ಎರಡನೆಯದೇ, ಅದೂ ಬಹಳ ಮೇಲು. ಹಾರ್ಡಿಯ ದನಿಯಲ್ಲಿನ ಆ ಹುಸಿ ಠೀವಿ ಇಲ್ಲದೆ ಆ ಜೋಡಿಯೇ ಅರ್ಧ. ಇದನ್ನು ಸೋಲೆಂದು ನಾನು ಒಪ್ಪುತ್ತಿದ್ದೆ, ಆದರೆ ಆ ಚಿತ್ರದಲ್ಲಿ ಗಂಡಂದಿರು ಸಿಕ್ಕಿಬೀಳುವುದು ಹೇಗೆ ನೋಡಿ. ಆರೋಗ್ಯಕ್ಕೆಂದು ಹೊನೊಲುಲುವಿಗೆ ಹೋಗಿದ್ದೇವೆ ಎಂಬ ಸುಳ್ಳನ್ನು ಅವರು ಬಾಯಲ್ಲಿ ಎಷ್ಟು ಚೆನ್ನಾಗಿ ಹೆಣೆದರೂ, ತಾವು ನಿಜವಾಗಿ ಹೋಗಿದ್ದ ಸಂಘದ ಮೆರವಣಿಗೆಯಲ್ಲಿ ಕ್ಯಾಮೆರಾದ ಮುಂದೆ ಕುಣಿದ ಅವರ ಚಿತ್ರ ಸಿನಿಮಾ ಮಂದಿರದ ವಾರ್ತಾಚಿತ್ರದಲ್ಲಿ ಹೆಂಡತಿಯರ ಕಣ್ಣಿಗೆ ಬೀಳುತ್ತದೆ.

ಕೊನೆಯದಾಗಿ ನೋಡುವವರಿಗೆ ಒಂದು ಸೂಚನೆ. ಇವು ಗಡಿಬಿಡಿಯ ಬೊಂಬೆಯಾಟ ಎಂಬ ದೂರು ಬಹುಮಟ್ಟಿಗೆ ಓಟದ ವೇಗದಿಂದ ಹುಟ್ಟಿದ್ದು. 1910ರ ಆಸುಪಾಸಿನ ಚಿತ್ರಗಳನ್ನು ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಸೆಕೆಂಡಿಗೆ ಸುಮಾರು 16ರಿಂದ 18 ಚೌಕಟ್ಟುಗಳಂತೆ ಹಿಡಿಯುತ್ತಿದ್ದರು. ಮಾತಿನ ಚಿತ್ರ ಬಂದ ಮೇಲೆ 24 ಖಾಯಂ ಆಯಿತು. ಹಳೆಯದನ್ನು ಹೊಸ ವೇಗದಲ್ಲಿ ಓಡಿಸಿದರೆ ಓಡುವ ಪೊಲೀಸರಿಗೆ ನಷ್ಟವೇನೂ ಇಲ್ಲ, ಇನ್ನಷ್ಟು ತಮಾಷೆಯಾಗಿಯೇ ಓಡುತ್ತಾರೆ. ಹೆಂಡತಿಗೆ ಮಾತ್ರ ನಷ್ಟ. ಗಂಡ ಕನವರಿಸಿದ್ದು ಕೇಳಿ ಸಂಶಯಪಟ್ಟು, ಸಂಶಯವನ್ನು ಮುಖದಿಂದ ಒರೆಸಿ, ಏನೂ ಆಗದವಳಂತೆ ತಿರುಗಿಕೊಳ್ಳಲು ಫಿಂಚ್ ತೆಗೆದುಕೊಳ್ಳುವ ಆ ಒಂದೆರಡು ಕ್ಷಣ ಮೂರರಲ್ಲಿ ಒಂದು ಪಾಲಿನವರೆಗೂ ಕೊಚ್ಚಿಹೋಗುತ್ತದೆ. ಮೊಬೈಲಿನಲ್ಲೋ ಟಿ.ವಿ.ಯಲ್ಲೋ ನೋಡುವಾಗ ಗಂಡ ಹೆಂಡತಿ ಕೋಣೆ ತುಂಬ ಜಿಗಿದಾಡುತ್ತಿದ್ದಾರೆ ಅನ್ನಿಸಿದರೆ ವೇಗವನ್ನು 0.75ಕ್ಕೆ ಇಳಿಸಿ, ಮೊದಲಿಂದ ಮತ್ತೊಮ್ಮೆ ನೋಡಿ.